ರಾಜನ ಕಪ್, ಅಧ್ಯಕ್ಷರ ಕಪ್, ಸರ್ವಾಧಿಕಾರಿಯ ಕಪ್: ಸ್ಪೇನಿನ ಒಂದು ಟ್ರೋಫಿಯ ರಾಜಕೀಯ ಚರಿತ್ರೆ

ಸ್ಪೇನ್ ಫುಟ್‌ಬಾಲ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಲಾ ಲಿಗಾ, ಮೆಸ್ಸಿ, ರೊನಾಲ್ಡೊ, ಎಲ್ ಕ್ಲಾಸಿಕೊ. ಆದರೆ ಆ ದೇಶದ ರಾಜಕೀಯ ಅರ್ಥ ಆಗಬೇಕಿದ್ದರೆ ಲೀಗ್ ಬಿಟ್ಟು ಕಪ್ ನೋಡಿ ಅಂತ ನಾನು ಹೇಳ್ತೇನೆ. ಕೋಪಾ ಡೆಲ್ ರೇ, ಅಂದರೆ ರಾಜನ ಕಪ್. ಸೋತರೆ ಮನೆಗೆ ಎನ್ನುವ ನಾಕೌಟ್ ಟೂರ್ನಿ. ಲೀಗ್ ಶುರುವಾದದ್ದು 1929ರಲ್ಲಿ. ಕಪ್ ಅದಕ್ಕಿಂತ ಕಾಲು ಶತಮಾನ ಹಳೆಯದು. ದೇಶದಲ್ಲಿ ಅಧಿಕಾರ ಯಾರ ಕೈಗೆ ಹೋಯಿತೋ ಅವರ ಹೆಸರನ್ನೇ ಈ ಕಪ್ ಹೊತ್ತುಕೊಂಡಿದೆ. ಹೆಸರು ಬದಲಿಸುವ ರಾಜಕೀಯ ನಮಗೇನೂ ಹೊಸದಲ್ಲ. ಹಾಗಾಗಿ ಈ ಕಥೆ ನಮಗೆ ಬೇಗ ಅರ್ಥ ಆಗುತ್ತೆ.

ಪಟ್ಟಾಭಿಷೇಕದಿಂದ ಹುಟ್ಟಿದ ಕಪ್

1902ರಲ್ಲಿ 16 ವರ್ಷದ 13ನೇ ಅಲ್ಫೋನ್ಸೊ ಅಧಿಕಾರ ವಹಿಸಿಕೊಂಡಾಗ ಮ್ಯಾಡ್ರಿಡ್‌ನಲ್ಲಿ ನಡೆದ ಸಂಭ್ರಮದ ಭಾಗವಾಗಿ ಒಂದು ಫುಟ್‌ಬಾಲ್ ಟೂರ್ನಿಯೂ ಇತ್ತು. ಬಿಲ್ಬಾವೊ ನಗರದ ಎರಡು ಕ್ಲಬ್‌ಗಳು ಸೇರಿ ಕಟ್ಟಿದ ತಂಡ ಬಾರ್ಸಿಲೋನಾವನ್ನು 2-1ರಿಂದ ಸೋಲಿಸಿ ಗೆದ್ದಿತು. ಫೆಡರೇಷನ್ ಲೆಕ್ಕದಲ್ಲಿ ಇದು ಮೊದಲ ಕಪ್ ಅಲ್ಲ. ಮುಂದಿನ ವರ್ಷ, 1903ರದ್ದು ಮೊದಲನೆಯದು. ಅದನ್ನೂ ಗೆದ್ದದ್ದು ಬಿಲ್ಬಾವೊದ ಅಥ್ಲೆಟಿಕ್ ಕ್ಲಬ್ಬೇ. ಲೀಗ್ ಇಲ್ಲದ ಆ ದಿನಗಳಲ್ಲಿ ಕಪ್ ಗೆದ್ದವರೇ ದೇಶದ ಚಾಂಪಿಯನ್.

ಇಲ್ಲೊಂದು ವ್ಯಂಗ್ಯ ಇದೆ. ಸ್ಪೇನಿನ ರಾಜನ ಹೆಸರಿನ ಕಪ್ಪನ್ನು ಅತಿ ಹೆಚ್ಚು ಪ್ರೀತಿಸಿದವರು, ಅತಿ ಹೆಚ್ಚು ಗೆದ್ದವರು ಯಾರು? ಬಾಸ್ಕ್ ನಾಡಿನ ಅಥ್ಲೆಟಿಕ್ ಮತ್ತು ಕ್ಯಾಟಲೋನಿಯಾದ ಬಾರ್ಸಿಲೋನಾ. ತಮ್ಮದೇ ಭಾಷೆ, ತಮ್ಮದೇ ಬಾವುಟ ಇರುವ, ಮ್ಯಾಡ್ರಿಡ್ ಜೊತೆ ಸದಾ ಜಗ್ಗಾಟದಲ್ಲಿರುವ ಎರಡು ನಾಡುಗಳು. 2025ರ ಗೆಲುವು ಸೇರಿ ಬಾರ್ಸಿಲೋನಾ 32 ಸಲ ಗೆದ್ದಿದೆ. ಅಥ್ಲೆಟಿಕ್ 24 ಸಲ.

ರಾಜ ಹೋದ, ಅಧ್ಯಕ್ಷ ಬಂದ

1931ರ ಏಪ್ರಿಲ್‌ನಲ್ಲಿ ರಾಜ ದೇಶ ಬಿಟ್ಟ, ಗಣರಾಜ್ಯ ಘೋಷಣೆ ಆಯ್ತು. ಕ್ಲಬ್‌ಗಳ ಹೆಸರಿನಲ್ಲಿದ್ದ 'ರಿಯಲ್', ಅಂದರೆ 'ರಾಜಮನೆತನದ' ಎಂಬ ಬಿರುದು ಕಿತ್ತುಹೋಯಿತು. ರಿಯಲ್ ಮ್ಯಾಡ್ರಿಡ್ ಬರೀ ಮ್ಯಾಡ್ರಿಡ್ ಆಯಿತು. ಕಪ್ಪಿನ ಹೆಸರು 'ಗಣರಾಜ್ಯದ ಅಧ್ಯಕ್ಷರ ಕಪ್' ಎಂದಾಯಿತು. ಆ ಹೆಸರಿನ ಕೊನೆಯ ಫೈನಲ್ ನಡೆದದ್ದು 1936ರ ಜೂನ್ 21ರಂದು, ವೆಲೆನ್ಸಿಯಾದಲ್ಲಿ. ಮ್ಯಾಡ್ರಿಡ್ 2, ಬಾರ್ಸಿಲೋನಾ 1. ಒಂದು ತಿಂಗಳೂ ಕಳೆದಿರಲಿಲ್ಲ, ಸೇನಾ ದಂಗೆ ಎದ್ದು ಅಂತರ್ಯುದ್ಧ ಶುರುವಾಯಿತು. ಆಗಸ್ಟ್‌ನಲ್ಲಿ ಬಾರ್ಸಿಲೋನಾ ಕ್ಲಬ್ಬಿನ ಅಧ್ಯಕ್ಷ, ಎಡಪಂಥೀಯ ಕ್ಯಾಟಲನ್ ಸಂಸದ ಜೋಸೆಪ್ ಸುನ್ಯೋಲ್ ಅವರನ್ನು ಫ್ರಾಂಕೊ ಪಡೆಗಳು ಮ್ಯಾಡ್ರಿಡ್ ಸಮೀಪದ ಬೆಟ್ಟಸಾಲಿನಲ್ಲಿ ಗುಂಡಿಟ್ಟು ಕೊಂದವು.

ಎಣಿಕೆಗೆ ಬಾರದ ಕಪ್

ನಿಜವಾಗಿ ನನ್ನನ್ನು ಕಾಡುವುದು 1937ರ ಕಪ್. ಯುದ್ಧ ನಡೀತಿರುವಾಗಲೇ ಗಣರಾಜ್ಯದ ಹಿಡಿತದಲ್ಲಿದ್ದ ಪ್ರದೇಶದಲ್ಲಿ ಒಂದು ಟೂರ್ನಿ ನಡೆಯಿತು. ಹೆಸರು 'ಸ್ವತಂತ್ರ ಸ್ಪೇನಿನ ಕಪ್'. ಆಡಿದ್ದು ನಾಲ್ಕೇ ತಂಡ: ಲೆವಾಂಟೆ, ವೆಲೆನ್ಸಿಯಾ, ಎಸ್ಪಾನ್ಯೋಲ್, ಜಿರೋನಾ. ಬಾರ್ಸಿಲೋನಾ ಆಗ ಮೆಕ್ಸಿಕೊ, ಅಮೆರಿಕ ಪ್ರವಾಸದಲ್ಲಿತ್ತು. ಫೈನಲ್ ನಡೆದದ್ದು 1937ರ ಜುಲೈ 18ರಂದು, ಬಾರ್ಸಿಲೋನಾ ನಗರದಲ್ಲಿ, ದಂಗೆಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ. ವೆಲೆನ್ಸಿಯಾದ ಬಂದರು ಬಡಾವಣೆ ಕಬನ್ಯಾಲ್‌ನಲ್ಲಿ ಹುಟ್ಟಿದ ಲೆವಾಂಟೆ, ತನ್ನದೇ ಊರಿನ ದೊಡ್ಡ ಕ್ಲಬ್ ವೆಲೆನ್ಸಿಯಾವನ್ನು 1-0ರಿಂದ ಸೋಲಿಸಿತು.

ಯುದ್ಧ ಗೆದ್ದವರು ದಾಖಲೆಯನ್ನೂ ಬರೆದರು. ಅವರ ಪಟ್ಟಿಯಲ್ಲಿ 1937ಕ್ಕೆ ಜಾಗ ಇರಲಿಲ್ಲ. ಲೆವಾಂಟೆಯ ಮೈದಾನ ಯುದ್ಧದಲ್ಲಿ ಹಾಳಾಗಿತ್ತು. ಬದುಕಿಕೊಳ್ಳಲು ಆ ಕ್ಲಬ್ 1939ರಲ್ಲಿ ಊರಿನ ಇನ್ನೊಂದು ಕ್ಲಬ್ ಜಿಮ್ನಾಸ್ಟಿಕೊ ಜೊತೆ ವಿಲೀನವಾಯಿತು. ಆ ಟ್ರೋಫಿ ಮಾತ್ರ ಕ್ಲಬ್ಬಿನಲ್ಲೇ ಉಳಿಯಿತು.

ಸರ್ವಾಧಿಕಾರ ಮುಗಿದು ಪ್ರಜಾಪ್ರಭುತ್ವ ಬಂದರೂ ಪಟ್ಟಿ ಬದಲಾಗಲಿಲ್ಲ. 2007ರಲ್ಲಿ ಸ್ಪೇನಿನ ಸಂಸತ್ತೇ ಈ ಪ್ರಶಸ್ತಿಯನ್ನು ಮಾನ್ಯ ಮಾಡಿ ಎಂದು ಫೆಡರೇಷನ್‌ಗೆ ಹೇಳಿತು. ಫೆಡರೇಷನ್ ಒಪ್ಪಲಿಲ್ಲ. ಕೊನೆಗೆ ಮಾನ್ಯತೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ಅಂದರೆ 86 ವರ್ಷ ಆದಮೇಲೆ. ಆಡಿದವರಿಗೆ ಈ ಸುದ್ದಿ ತಲುಪುವ ಹೊತ್ತು ಮೀರಿ ಹೋಗಿತ್ತು.

'ನಾಲ್ಕೇ ತಂಡ ಆಡಿದ್ದು, ಅದನ್ನ ರಾಷ್ಟ್ರೀಯ ಕಪ್ ಅನ್ನೋಕಾಗುತ್ತಾ?' ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಶುರುವಿನ ವರ್ಷಗಳ ಕಪ್‌ಗಳಲ್ಲೂ ಬೆರಳೆಣಿಕೆಯ ತಂಡಗಳೇ ಆಡಿದ್ದವು. ಅವೆಲ್ಲ ಲೆಕ್ಕಕ್ಕೆ ಬಂದವು. 1937ರದ್ದು ಬರಲಿಲ್ಲ. ಹಾಗಾದರೆ ಅಡ್ಡಿಯಾಗಿದ್ದು ತಂಡಗಳ ಸಂಖ್ಯೆ ಅಲ್ಲ ಅಂತಲೇ ನನ್ನ ಅಭಿಪ್ರಾಯ.

ಮಹಾದಂಡನಾಯಕನ ಕಪ್

1939ರಲ್ಲಿ ಕಪ್ ಮತ್ತೆ ಶುರುವಾಯಿತು, ಹೊಸ ಹೆಸರಿನಲ್ಲಿ: 'ಕೋಪಾ ಡೆಲ್ ಹೆನೆರಲಿಸಿಮೊ'. ಅಂದರೆ ಮಹಾದಂಡನಾಯಕ ಫ್ರಾಂಕೊನ ಕಪ್. ಮೊದಲ ಫೈನಲ್ ನಡೆದದ್ದು ಅದೇ ವರ್ಷ ಫ್ರಾಂಕೊ ಸೇನೆ ವಶಪಡಿಸಿಕೊಂಡಿದ್ದ ಬಾರ್ಸಿಲೋನಾದಲ್ಲಿ. ಆಡಿದ್ದು ಸೆವಿಯ್ಯಾ ಮತ್ತು ಫೆರೋಲ್‌ನ ರಾಸಿಂಗ್. ಫೆರೋಲ್ ಫ್ರಾಂಕೊ ಹುಟ್ಟಿದ ಊರು. ಸೆವಿಯ್ಯಾ 6-2ರಿಂದ ಗೆದ್ದಿತು.

ಬಳಿಕ ಹೆಸರುಗಳ ಮೇಲೆ ಕೈಯಿಟ್ಟರು. ವಿದೇಶಿ ಪದ ಬೇಡ, ಸ್ಪ್ಯಾನಿಷ್ ಮಾತ್ರ ಇರಲಿ ಅಂತ ಆದೇಶ. ಇಂಗ್ಲಿಷ್ ವಾಸನೆಯ 'ಅಥ್ಲೆಟಿಕ್' ಹೋಗಿ 'ಅಟ್ಲೆಟಿಕೊ ಡೆ ಬಿಲ್ಬಾವೊ' ಆಯಿತು. ಬಾರ್ಸಿಲೋನಾ ಲಾಂಛನದಲ್ಲಿದ್ದ ಕ್ಯಾಟಲನ್ ಬಾವುಟದ ಪಟ್ಟೆಗಳನ್ನೂ ಕಡಿಮೆ ಮಾಡಿಸಿದರು.

1943ರ ಸೆಮಿಫೈನಲ್ ಬಗ್ಗೆ ಇವತ್ತಿಗೂ ಜಗಳ ನಡೆಯುತ್ತದೆ. ಮೊದಲ ಪಂದ್ಯ ಬಾರ್ಸಿಲೋನಾ 3-0ರಿಂದ ಗೆದ್ದಿತು. ಮ್ಯಾಡ್ರಿಡ್‌ನಲ್ಲಿ ನಡೆದ ಎರಡನೇ ಪಂದ್ಯ ರಿಯಲ್ ಮ್ಯಾಡ್ರಿಡ್ 11-1ರಿಂದ ಗೆದ್ದಿತು. ಪಂದ್ಯಕ್ಕೆ ಮುಂಚೆ ಭದ್ರತಾ ಅಧಿಕಾರಿಯೊಬ್ಬ ಬಾರ್ಸಿಲೋನಾ ಡ್ರೆಸ್ಸಿಂಗ್ ರೂಮಿಗೆ ಹೋಗಿ ಬೆದರಿಸಿದ ಅನ್ನೋ ಕಥೆ ಇದೆ. ಅದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಮಾತಿದೆ: ಆ ವರ್ಷ ಕಪ್ ಗೆದ್ದದ್ದು ರಿಯಲ್ ಮ್ಯಾಡ್ರಿಡ್ ಅಲ್ಲ. ಫೈನಲ್‌ನಲ್ಲಿ ಬಿಲ್ಬಾವೊ ಅವರನ್ನು 1-0ರಿಂದ ಸೋಲಿಸಿತು. ಸರ್ವಾಧಿಕಾರ ಇದ್ದ ಮಾತ್ರಕ್ಕೆ ಎಲ್ಲ ಫಲಿತಾಂಶವೂ ಮೊದಲೇ ಬರೆದಿಟ್ಟದ್ದು ಅಂದುಕೊಳ್ಳುವುದು ಸುಲಭ, ಆದರೆ ಸರಿಯಲ್ಲ. 1958ರಲ್ಲಂತೂ ಯುರೋಪಿನ ಚಾಂಪಿಯನ್ ಆಗಿದ್ದ ರಿಯಲ್ ಮ್ಯಾಡ್ರಿಡ್ ತಂಡವನ್ನು ಅವರದೇ ಅಂಗಳದಲ್ಲಿ, ಬಾಸ್ಕ್ ಹುಡುಗರೇ ತುಂಬಿದ್ದ ಬಿಲ್ಬಾವೊ 2-0ರಿಂದ ಮಣಿಸಿತು. 'ಹನ್ನೊಂದು ಹಳ್ಳಿಹೈದರು' ಅಂತ ಆ ತಂಡವನ್ನು ಇಂದಿಗೂ ನೆನೆಯುತ್ತಾರೆ.

ಫ್ರಾಂಕೊ ಸತ್ತದ್ದು 1975ರ ನವೆಂಬರ್‌ನಲ್ಲಿ. ಆದರೂ 1976ರ ಕಪ್ ಅವನ ಹೆಸರಿನಲ್ಲೇ ನಡೆಯಿತು! 1977ರಲ್ಲಿ ಮತ್ತೆ 'ರಾಜನ ಕಪ್' ಆಯಿತು. ಅಧ್ಯಕ್ಷರ ಹೆಸರು ಮಾತ್ರ ಮರಳಲಿಲ್ಲ.

ಸಿಳ್ಳೆಯ ರಾಜಕಾರಣ

ಫೈನಲ್‌ಗೆ ರಾಜ ಬರ್ತಾರೆ, ರಾಷ್ಟ್ರಗೀತೆ ನುಡಿಸ್ತಾರೆ. ಸ್ಪೇನಿನ ರಾಷ್ಟ್ರಗೀತೆಗೆ ಅಧಿಕೃತ ಸಾಹಿತ್ಯ ಇಲ್ಲ, ಬರೀ ವಾದ್ಯ. ಆ ಮೌನವನ್ನು ತುಂಬೋದು ಸಿಳ್ಳೆ. 2009ರಲ್ಲಿ ಅಥ್ಲೆಟಿಕ್ ಮತ್ತು ಬಾರ್ಸಿಲೋನಾ ಫೈನಲ್ ತಲುಪಿದಾಗ ಸಿಳ್ಳೆ ಎಷ್ಟು ಜೋರಾಗಿತ್ತೆಂದರೆ ರಾಷ್ಟ್ರಗೀತೆಯೇ ಕೇಳಿಸಲಿಲ್ಲ. ಸರ್ಕಾರಿ ಟಿವಿ ಆ ಹೊತ್ತಿಗೆ ಬೇರೆ ದೃಶ್ಯ ತೋರಿಸಿತು. ಗಲಾಟೆಯಾದ ಮೇಲೆ ಕ್ರೀಡಾ ವಿಭಾಗದ ಮುಖ್ಯಸ್ಥರ ತಲೆದಂಡ ಆಯ್ತು. ಇವೇ ಎರಡು ತಂಡಗಳು 2015ರಲ್ಲಿ ಮತ್ತೆ ಎದುರಾದವು. ಮತ್ತೆ ಸಿಳ್ಳೆ. ಈ ಸಲ ಎರಡೂ ಕ್ಲಬ್‌ಗೆ, ಫೆಡರೇಷನ್‌ಗೂ ದಂಡ ಬಿತ್ತು. 2016ರಲ್ಲಿ ಕ್ಯಾಟಲನ್ ಸ್ವಾತಂತ್ರ್ಯವಾದಿಗಳ ಬಾವುಟವನ್ನು ಸ್ಟೇಡಿಯಂಗೆ ತರಬಾರದು ಎಂದು ಆಡಳಿತ ಆದೇಶಿಸಿತು. ಕೋರ್ಟ್ ಆ ನಿಷೇಧವನ್ನು ತಡೆಯಿತು.

'ಆಟದಲ್ಲಿ ರಾಜಕೀಯ ತರಬೇಡಿ' ಅಂತ ಆಗ ಬಹಳ ಜನ ಉಪದೇಶ ಮಾಡಿದರು. ರಾಜನ ಹೆಸರಿನ ಕಪ್, ರಾಜನೇ ಕೊಡುವ ಕಪ್, ಅದಕ್ಕೂ ಮೊದಲು ರಾಷ್ಟ್ರಗೀತೆ. ಇಷ್ಟೆಲ್ಲ ಇಟ್ಟುಕೊಂಡು ಗ್ಯಾಲರಿಯಲ್ಲಿ ಕೂತವನು ಮಾತ್ರ ರಾಜಕೀಯ ಬಿಡಬೇಕಂತೆ. ಸಿಳ್ಳೆ ಹಾಕೋದು ಸಭ್ಯತೆಯೋ ಅಲ್ಲವೋ ಚರ್ಚೆ ಮಾಡೋಣ. ಆದರೆ ಮೈದಾನಕ್ಕೆ ರಾಜಕೀಯ ತಂದವರು ಗ್ಯಾಲರಿಯವರಲ್ಲ.

ಇವತ್ತಿನ ಕಪ್

2019-20ರಿಂದ ಸೆಮಿಫೈನಲ್ ಬಿಟ್ಟು ಉಳಿದೆಲ್ಲ ಸುತ್ತು ಒಂದೇ ಪಂದ್ಯ. ಕೆಳ ಹಂತದ ಸಣ್ಣ ತಂಡದ ಮೈದಾನಕ್ಕೆ ದೊಡ್ಡ ತಂಡವೇ ಹೋಗಬೇಕು. ಇದರಿಂದಲೇ 2021ರ ಜನವರಿಯಲ್ಲಿ ಮೂರನೇ ಹಂತದ ಅಲ್ಕೊಯಾನೊ ತನ್ನ ಊರಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು ಮನೆಗೆ ಕಳಿಸಿತು. ಅದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಆಯಿತು: ಕಪ್ ಫೈನಲ್ ಆಡಿದವರು ಹೋಗುವ ಸೂಪರ್ ಕಪ್ಪನ್ನು ಸೌದಿ ಅರೇಬಿಯಾಕ್ಕೆ ಮಾರಿದರು. ಒಂದು ಕಡೆ ಸಣ್ಣ ಊರಿಗೆ ಬಾಗಿಲು ತೆರೆದರು, ಇನ್ನೊಂದು ಕಡೆ ಆ ಊರಿನವರು ವಿಮಾನ ಹತ್ತದೆ ನೋಡಲಾಗದ ಜಾಗಕ್ಕೆ ಆಟ ಒಯ್ದರು. ಇಂದಿನ ಅಧಿಕಾರ ಹಣದ್ದು. ಅದಕ್ಕೆ ಕಪ್ಪಿನ ಹೆಸರು ಬದಲಿಸುವ ಅಗತ್ಯವೂ ಇಲ್ಲ.

ಮುಂದಿನ ಸಲ ಕೋಪಾ ವಿಜೇತರ ಪಟ್ಟಿ ನೋಡುವಾಗ 1937ರ ಸಾಲು ಹುಡುಕಿ. ಆ ಒಂದು ಸಾಲು ಬರೆಸೋಕೆ ಬಂದರು ಬಡಾವಣೆಯ ಒಂದು ಕ್ಲಬ್ 86 ವರ್ಷ ಕಾಯಬೇಕಾಯಿತು.