ಮಳೆ ಲೆಕ್ಕ ಯಾರ ಕೈಲಿತ್ತು, ನಮ್ಮ ಕೈಗೆ ಹೇಗೆ ಬಂತು



ಬೋರ್ಡೋ ಹೊಡೆಯೋ ಕಾಲ ಬಂತು ಅಂದ್ರೆ ನಮಗೆಲ್ಲ ಒಂದೇ ಪ್ರಶ್ನೆ, ಇನ್ನು ನಾಲ್ಕು ತಾಸು ಮಳೆ ಬಿಡುವು ಕೊಡುತ್ತಾ? ಉತ್ತರಕ್ಕೆ ಮೊಬೈಲ್ ನೋಡ್ತೇವೆ. ಆ ಮಾಹಿತಿ ಸಾಮಾನ್ಯ ಜನರ ಕೈಗೆ ಬಂದದ್ದು ಹೇಗೆ ಅಂತ ಓದಿ ತಿಳ್ಕೊಂಡದ್ದನ್ನ ಬರೀತಿದ್ದೇನೆ.

ಮಳೆ ಅಳೆಯೋದು ಸರ್ಕಾರದ ಕೆಲಸ ಅಂತ ಎಣಿಸಬೇಡಿ. 1860ರಲ್ಲಿ ಇಂಗ್ಲೆಂಡಿನ ಜಾರ್ಜ್ ಸೈಮನ್ಸ್ ಅನ್ನೋರು ಆಸಕ್ತರನ್ನ ಒಟ್ಟು ಮಾಡಿ ಮಳೆ ಲೆಕ್ಕ ಶುರು ಮಾಡಿದ್ರು. ಮೊದಲು 168 ಜಾಗದ ಲೆಕ್ಕ. 1900ರಲ್ಲಿ ಅವರು ತೀರಿಕೊಳ್ಳೋ ಹೊತ್ತಿಗೆ ಅದು 3,000 ದಾಟಿತ್ತು. ಅಳೆದವರು ಪಾದ್ರಿಗಳು, ವೈದ್ಯರು, ಜಮೀನಿನವರು, ಯಾರಿಗೂ ಸಂಬಳ ಇಲ್ಲ. ಆದರೆ ಲೆಕ್ಕ ಅಚ್ಚಾಗ್ತಿದ್ದದ್ದು ವರ್ಷಕ್ಕೊಂದು ಪುಸ್ತಕವಾಗಿ. ಇವತ್ತಿನ ಮಳೆ ಇವತ್ತೇ ಗೊತ್ತಾಗೋಕೆ ತಂತಿ ಬೇಕಿತ್ತು. ಅದೇ ದೇಶದ ಫಿಟ್ಜ್‌ರಾಯ್ ಅನ್ನೋ ನೌಕಾಧಿಕಾರಿ ಟೆಲಿಗ್ರಾಫಲ್ಲಿ ಊರೂರಿನ ವರದಿ ತರಿಸಿ, 1861ರ ಆಗಸ್ಟ್‌ನಲ್ಲಿ ಪತ್ರಿಕೆಯಲ್ಲಿ ಹವಾಮಾನ ಮುನ್ಸೂಚನೆ ಹಾಕಿಸಿದ್ರು. ಅಳತೆ ಜನರ ಕೈಲಿತ್ತು, ತಂತಿಯ ಸುದ್ದಿ ಮಾತ್ರ ಇಲಾಖೆಯ ಕೈಲಿ.

ನಮ್ಮಲ್ಲೂ ಹಾಗೇ. 1864ರ ಕಲ್ಕತ್ತಾ ಚಂಡಮಾರುತ, 1866ರ ಒಡಿಶಾ ಬರ ಆದ ಮೇಲೆ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ರೈತನಿಗೆ ಸಿಗ್ತಿದ್ದದ್ದು ಪತ್ರಿಕೆಯ ನಾಲ್ಕು ಸಾಲು, ಆಮೇಲೆ ರೇಡಿಯೋದ ಪ್ರದೇಶ ಸಮಾಚಾರ. ಆದರೂ ಮಲೆನಾಡಿನ ಕಾಫಿ ತೋಟಗಳಲ್ಲಿ ಇಂಚು, ಸೆಂಟು ಲೆಕ್ಕದಲ್ಲಿ ಮಳೆ ಬರೆದಿಡೋ ಪದ್ಧತಿ ಬಿಡಲಿಲ್ಲ.

ಬೇಲಿ ಮುರಿದದ್ದು ಆಕಾಶದಿಂದ. 1963ರ ಡಿಸೆಂಬರ್‌ನಲ್ಲಿ ಅಮೆರಿಕ ಹಾರಿಸಿದ ಟೈರೋಸ್-8 ಉಪಗ್ರಹ, ತಾನು ದಾಟೋ ಜಾಗದ ಮೋಡದ ಚಿತ್ರವನ್ನ ಆಗಲೇ ರೇಡಿಯೋ ಅಲೆಯಲ್ಲಿ ಕೆಳಗೆ ಬಿಡ್ತಿತ್ತು. ಬೀಗ ಇಲ್ಲ, ಪರವಾನಗಿ ಇಲ್ಲ. ಆಂಟೆನಾ ಹಿಡಿದವನಿಗೆ ಚಿತ್ರ. ರೇಡಿಯೋ ಹುಚ್ಚಿನವರು ಮನೆಯಲ್ಲೇ ಯಂತ್ರ ಕಟ್ಟಿ ಅದನ್ನ ಹಿಡಿದ್ರು. ಇತ್ತೀಚೆಗಂತೂ ಎರಡು ಲೋಹದ ಕಡ್ಡಿ, ಲ್ಯಾಪ್‌ಟಾಪಿಗೆ ಚುಚ್ಚೋ ಒಂದು ಸಣ್ಣ ರಿಸೀವರ್ ಇದ್ರೆ ಸಾಕಾಗ್ತಿತ್ತು. ಹಾಗೆ ಚಿತ್ರ ಬಿಡ್ತಿದ್ದ ಕೊನೆಯ ಮೂರು ಅಮೆರಿಕನ್ ಉಪಗ್ರಹಗಳನ್ನ 2025ರಲ್ಲಿ ನಿಲ್ಲಿಸಿದ್ರು. ರಷ್ಯಾದ ಮೆಟಿಯೋರ್ ಉಪಗ್ರಹಗಳಿಂದ ಈಗಲೂ ಚಿತ್ರ ಹಿಡಿಯಬಹುದು.

ಇನ್ನೊಂದು ದಾರಿ ಇಂಟರ್ನೆಟ್. ನಾರ್ವೆ ದೇಶ 2007ರಲ್ಲಿ ಯಆರ್ ಅನ್ನೋ ತಾಣ ತೆರೆದು, ತನ್ನ ಅಂಕಿಅಂಶವನ್ನೂ ಯಾರು ಬೇಕಾದ್ರೂ ಬಳಸಿ ಅಂತ ಬಿಟ್ಟುಕೊಟ್ಟಿತು. ಕಂಪ್ಯೂಟರ್ ಬರೋ ಹುಡುಗರು ಮನೇಲಿದ್ರೆ ಓಪನ್-ಮೀಟಿಯೋದಿಂದ ನಿಮ್ಮ ತೋಟದ ಅಕ್ಷಾಂಶ, ರೇಖಾಂಶ ಕೊಟ್ಟು ಗಂಟೆವಾರು ಮುನ್ಸೂಚನೆ ಪುಕ್ಕಟೆ ತೆಗೀಬಹುದು. ಆದರೆ ಅದು ಲೆಕ್ಕಾಚಾರದ ಮಳೆ, ಅಳೆದ ಮಳೆ ಅಲ್ಲ.

ಅಳೆದ ಮಳೆ ಬೇಕು ಅಂದ್ರೆ ನಮ್ಮ ರಾಜ್ಯವೇ ಮುಂದಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಸಂಸ್ಥೆಯೇ ಇವತ್ತಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದು ಗ್ರಾಮ ಪಂಚಾಯ್ತಿಗೊಂದರಂತೆ ಇಟ್ಟ ಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸೋ ಹಾಗೆ ಮಾಡಿದ್ದಾರೆ. ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು.

ಇದು ಬರೀ ಹವ್ಯಾಸದ ಮಾತಲ್ಲ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ ನಿಂತಿರೋದು ಇಂಥ ಮಾಪಕದ ಅಂಕಿ ಮೇಲೆ. ಗುಡ್ಡದ ಆಚೆ ಹೊಯ್ದ ಮಳೆ ಈಚೆ ಬೀಳಲ್ಲ ಅನ್ನೋದು ನಮಗೆ ಗೊತ್ತು, ಮಾಪಕಕ್ಕೆ ಗೊತ್ತಿಲ್ಲ.

ಅದಕ್ಕೇ ನಾನು ಹೇಳೋದು, ಪ್ರತಿ ಕೇರಿಯಲ್ಲಿ ಒಂದು ಮನೆಯಾದ್ರೂ ಮಳೆಮಾಪಕ ಇಡಲಿ. ಮರ, ಮಾಡಿನ ನೆರಳಿಲ್ಲದ ಬಯಲಲ್ಲಿ ನೆಡಿ. ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತೆ, ನೀವೂ ಅದೇ ಹೊತ್ತಿಗೆ ಅಳೆದು ಬರೀರಿ. ಒಂದು ಇಂಚು ಅಂದ್ರೆ 25.4 ಮಿಲಿಮೀಟರ್. ಪಂಚಾಯ್ತಿ ಮಾಪಕದ ಅಂಕಿ ಪಕ್ಕದಲ್ಲೇ ಬರೆದಿಡಿ. ನಿಮ್ಮ ಪುಸ್ತಕ ನೋಡಿ ವಿಮೆ ಕೊಡಲ್ಲ, ಸರಿ. ಆದರೆ ವ್ಯತ್ಯಾಸ ಎಷ್ಟು ಅಂತ ಹತ್ತು ಮನೆಯವರು ತಾರೀಖು ಸಮೇತ ತೋರಿಸಿದ್ರೆ, ಮಾಪಕ ಪರೀಕ್ಷೆ ಮಾಡಿ ಅಂತ ಕೇಳೋಕೆ ನಮ್ಮ ಕೈಲಿ ಏನಾದ್ರೂ ಇರುತ್ತೆ.

ಯಾರ ಮನೇಲಿ ಹಳೇ ಮಳೆ ಲೆಕ್ಕ ಇದೆ, ಎಷ್ಟು ವರ್ಷದ್ದು ಅಂತ ತಿಳಿಸಿ.