ತೆರೆದ ತಲೆಗಾಯ

ಪೆಟ್ಟಿನಿಂದ ತಲೆಯ ಚರ್ಮ ಹರಿದು, ಬುರುಡೆ ಒಡೆದು, ಮಿದುಳನ್ನು ಹೊದ್ದಿರುವ ಡ್ಯೂರಾ ಎಂಬ ಗಟ್ಟಿ ಪೊರೆಯೂ ಸೀಳಿದರೆ ಅದು ತೆರೆದ ತಲೆಗಾಯ. ಗುಂಡು, ಸ್ಫೋಟದ ಚೂರು, ಮಚ್ಚಿನೇಟು, ರಸ್ತೆ ಅಪಘಾತ ಇದರ ಮುಖ್ಯ ಕಾರಣಗಳು. ಹರಿಯುವ ರಕ್ತವನ್ನು ಕಂಡು ಗಾಯದ ಆಳವನ್ನು ಊಹಿಸುವುದು ಸಹಜ. ಆದರೆ ಆ ಊಹೆ ಬಹಳ ಸಲ ತಪ್ಪುತ್ತದೆ. ತಲೆಚರ್ಮದ ರಕ್ತನಾಳಗಳು ಬಿಗಿಯಾದ ನಾರಿನ ಪದರಕ್ಕೆ ಅಂಟಿಕೊಂಡಿರುವುದರಿಂದ ತುಂಡಾದಾಗ ಸುಲಭವಾಗಿ ಮುದುಡಿಕೊಳ್ಳಲಾರವು. ಹಾಗಾಗಿ ಚರ್ಮವಷ್ಟೇ ಸೀಳಿದರೂ ರಕ್ತ ಧಾರಾಕಾರವಾಗಿ ಸುರಿಯಬಹುದು. ಕೂದಲಲ್ಲಿ ಮರೆಯಾದ ಸಣ್ಣ ತೂತಿನಡಿ ಮಿದುಳೇ ಘಾಸಿಗೊಂಡಿರಬಹುದು. ಗಾಯದ ಸ್ವರೂಪವನ್ನು ನಿಜವಾಗಿ ನಿರ್ಧರಿಸುವುದು ಡ್ಯೂರಾದ ಸ್ಥಿತಿ. ಅದು ಹರಿದೊಡನೆ ಹೊರಗಿನ ರೋಗಾಣುಗಳಿಗೆ ಮಿದುಳಿನ ದಾರಿ ತೆರೆಯುತ್ತದೆ. ಆದ್ದರಿಂದ ಬದುಕಿರುವ ಮಿದುಳನ್ನು ಉಳಿಸಿ ಆ ದಾರಿಯನ್ನು ಭದ್ರವಾಗಿ ಮುಚ್ಚುವುದೇ ಚಿಕಿತ್ಸೆಯ ತಿರುಳು.

ಯುದ್ಧಭೂಮಿಯ ಶಸ್ತ್ರಚಿಕಿತ್ಸೆಯ ಚರಿತ್ರೆ ಇದಕ್ಕೆ ಸಾಕ್ಷಿ. ಕ್ರಿ.ಪೂ. 1600ರ ಸುಮಾರಿಗೆ ಸೇರಿದ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿ ವಿವರಿಸಿರುವ 48 ಪ್ರಕರಣಗಳು ತಲೆಗಾಯಗಳಿಂದಲೇ ಆರಂಭವಾಗುತ್ತವೆ; ಮಿದುಳಿಗೆ ಮುಟ್ಟಿದ ಗಾಯಗಳಲ್ಲಿ ಹಲವನ್ನು ಅದು ಚಿಕಿತ್ಸೆಗೆ ನಿಲುಕದವೆಂದು ಕೈಬಿಡುತ್ತದೆ. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ನಾಶವಾದ ಅಂಗಾಂಶವನ್ನು ಹೀರಿ, ಮೂಳೆಚೂರುಗಳನ್ನು ತೆಗೆದು ಗಾಯವನ್ನು ಪದರಪದರವಾಗಿ ಹೊಲಿಯುವ ಕ್ರಮವನ್ನು ರೂಢಿಗೆ ತಂದರು. ಡ್ಯೂರಾ ಸೀಳಿದವರಲ್ಲಿ ಸುಮಾರು ಶೇ. 54ರಷ್ಟಿದ್ದ ಸಾವಿನ ಪ್ರಮಾಣ ಮೂರೇ ತಿಂಗಳಲ್ಲಿ ಶೇ. 29ರ ಆಸುಪಾಸಿಗೆ ಇಳಿಯಿತು. ಪೆನಿಸಿಲಿನ್ ಇನ್ನೂ ಪತ್ತೆಯಾಗಿರದ ಕಾಲದ ಮಾತಿದು. ಶುಚಿಗೊಳಿಸಿ ಮುಚ್ಚುವ ಕೌಶಲವೇ ಅಷ್ಟು ಜೀವಗಳನ್ನು ಉಳಿಸಿತು.

ಹಾಗಿದ್ದರೆ ಪ್ರತಿ ಚೂರನ್ನೂ ಹೊರತೆಗೆಯಲೇಬೇಕಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ವಿಯೆಟ್ನಾಂ ಯುದ್ಧದವರೆಗೂ ಸೇನಾ ವೈದ್ಯರು ಹಾಗೆಯೇ ನಂಬಿದ್ದರು. ಮೂಳೆಚೂರು ಉಳಿದಿದೆಯೆಂದು ಎಕ್ಸ್-ರೇ ತೋರಿಸಿದರೆ ಮತ್ತೆ ತಲೆ ತೆರೆಯುತ್ತಿದ್ದರು. 1982ರ ಲೆಬನಾನ್ ಯುದ್ಧದಲ್ಲಿ ಇಸ್ರೇಲಿನ ಶಸ್ತ್ರವೈದ್ಯರು ಆಳದ ಚೂರುಗಳನ್ನು ಅಲ್ಲಿಯೇ ಬಿಟ್ಟರು. ಆ ಗಾಯಾಳುಗಳನ್ನು ವರ್ಷಗಳ ಕಾಲ ಗಮನಿಸಿದಾಗ, ಉಳಿದ ಚೂರುಗಳಿಂದ ಸೋಂಕಾಗಲಿ ಮೂರ್ಛೆರೋಗವಾಗಲಿ ಹೆಚ್ಚಿದ್ದು ಕಾಣಲಿಲ್ಲ. ಸೋಂಕಿಗೆ ದೊಡ್ಡ ಕಾರಣ, ಮುಚ್ಚದೆ ಉಳಿದ ಪೊರೆಯಿಂದ ಮಿದುಳಿನ ದ್ರವ ಸೋರುವುದು. ಚೂರನ್ನು ಬೆನ್ನಟ್ಟಿ ಆಳಕ್ಕಿಳಿಯುವ ಉಪಕರಣ ಆರೋಗ್ಯವಂತ ಮಿದುಳನ್ನೇ ಹಾಳುಮಾಡುತ್ತದೆ. ಇಂದು ಸಿ.ಟಿ. ಸ್ಕ್ಯಾನ್ ನೋಡಿ, ಸುಲಭವಾಗಿ ಸಿಗುವ ಚೂರುಗಳನ್ನು, ಒತ್ತುತ್ತಿರುವ ಹೆಪ್ಪುಗಟ್ಟಿದ ರಕ್ತವನ್ನು ತೆಗೆದು, ಡ್ಯೂರಾವನ್ನು ನೀರು ಸೋರದಂತೆ ಮುಚ್ಚುತ್ತಾರೆ. ರಕ್ತನಾಳಕ್ಕೆ ಅಪಾಯ ತರಬಲ್ಲ ಅಥವಾ ಜಾಗ ಬದಲಿಸುವ ಲೋಹದ ಚೂರಿನ ವಿಚಾರ ಬೇರೆ.

ಬಲವಾದ ಆಂಟಿಬಯಾಟಿಕ್‌ಗಳಿರುವಾಗ ಶಸ್ತ್ರಚಿಕಿತ್ಸೆಗೆ ಆತುರವೇಕೆ ಎಂದೂ ಕೇಳಬಹುದು. ಔಷಧ ಸೋಂಕನ್ನು ತಡೆಯಲು ನೆರವಾಗುತ್ತದೆ, ಹರಿದ ಪೊರೆಯನ್ನು ಕೂಡಿಸದು. ಧನುರ್ವಾಯು ಲಸಿಕೆಯೂ, ಮೊದಲ ವಾರದ ಸೆಳವು ತಡೆಯುವ ಮಾತ್ರೆಯೂ ಹೀಗೆಯೇ ಪೂರಕ. ಮಿದುಳಿನ ಊತ ಇಳಿಸಲೆಂದು ದಶಕಗಳ ಕಾಲ ಕೊಟ್ಟ ಸ್ಟಿರಾಯ್ಡ್ ತಲೆಪೆಟ್ಟಿನ ರೋಗಿಗಳಲ್ಲಿ ಸಾವನ್ನು ಹೆಚ್ಚಿಸುತ್ತದೆ ಎಂದು 2004ರಲ್ಲಿ ಪ್ರಕಟವಾದ ಕ್ರ್ಯಾಶ್ ಅಧ್ಯಯನ ತೋರಿಸಿತು. ಈ ಔಷಧಗಳಿಗಿಂತ ಮುಖ್ಯವಾದದ್ದು ಉಸಿರು ಮತ್ತು ರಕ್ತದೊತ್ತಡ. ಇವೆರಡು ಕುಸಿದರೆ, ಪೆಟ್ಟಿನಿಂದ ಪಾರಾದ ಮಿದುಳಿನ ಭಾಗವೂ ಆಮ್ಲಜನಕವಿಲ್ಲದೆ ಸಾಯುತ್ತದೆ.

ಪೆಟ್ಟು ಬಿದ್ದ ಮೊದಲ ಗಳಿಗೆಗಳು ದಾರಿಹೋಕರ ಕೈಯಲ್ಲಿರುತ್ತವೆ. ಗಾಯಕ್ಕೆ ಅರಿಸಿನ, ಕಾಫಿಪುಡಿ ತುಂಬಬಾರದು. ಚುಚ್ಚಿಕೊಂಡಿರುವ ವಸ್ತುವನ್ನು ಕೀಳದೆ, ಅಲುಗದಂತೆ ಸುತ್ತ ಬಟ್ಟೆ ಇಡಬೇಕು. ಬುರುಡೆ ತಗ್ಗಾಗಿದ್ದರೆ ಅದರ ಮೇಲೆ ಒತ್ತದೆ ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಬೇಕು. ಮೂಗು, ಕಿವಿಯಿಂದ ತಿಳಿನೀರು ಬಂದರೆ ಹತ್ತಿ ತುರುಕಬಾರದು. ಕತ್ತನ್ನು ಅಲುಗಿಸದೆ, ಉಸಿರಾಟ ಗಮನಿಸುತ್ತಾ 108ಕ್ಕೆ ಕರೆ ಮಾಡಬೇಕು. ಪೊಲೀಸ್ ಕೇಸಿನ ಭಯದಿಂದ ಹಿಂಜರಿಯುವವರಿದ್ದಾರೆ. ಆದರೆ ಸದ್ಭಾವದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 134ಎ ಕಲಂ ರಕ್ಷಣೆ ಕೊಡುತ್ತದೆ. ಅದೇ ಕಾಯ್ದೆಯ 129ನೇ ಕಲಂ ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದೆ. ಮಿದುಳಿನ ಸತ್ತ ಜೀವಕೋಶಗಳನ್ನು ಯಾವ ಶಸ್ತ್ರವೈದ್ಯರೂ ಮರಳಿ ತರಲಾರರು. ಆದ್ದರಿಂದ ಪಟ್ಟಿ ಬಿಗಿದ ಹೆಲ್ಮೆಟ್ ಮತ್ತು ತಡವಿಲ್ಲದ ನೆರವು, ಇವೆರಡೂ ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕು.