ಹಿತ್ತಲಿನ ಟೊಮ್ಯಾಟೊ ಬೆಳೆಯಲ್ಲಿ ಅಂಗಮಾರಿ ರೋಗದ ನಿರ್ವಹಣೆ

ಎಲ್ಲೂರು, ಕಾಪು ಸುತ್ತಮುತ್ತಲಿನ ಹಿತ್ತಲುಗಳಲ್ಲಿ ಮಳೆಗಾಲ ಕಳೆದ ಮೇಲೆ ಟೊಮ್ಯಾಟೊ ನಾಟಿ ಮಾಡುವುದು ಸೂಕ್ತ. ಆದರೆ ಮಳೆ ನಿಂತರೂ ಕರಾವಳಿಯ ಗಾಳಿಯಲ್ಲಿ ತೇವಾಂಶ ಉಳಿಯುತ್ತದೆ. ಎಲೆಗಳ ಮೇಲೆ ಇಬ್ಬನಿ ಬಹುಹೊತ್ತು ನಿಂತರೆ ಆಲ್ಟರ್ನೇರಿಯಾ ಶಿಲೀಂಧ್ರದಿಂದ ಅಂಗಮಾರಿ ರೋಗ ಹರಡುತ್ತದೆ.

ಮೊದಲು ಬುಡದ ಹಳೆಯ ಎಲೆಗಳಲ್ಲಿ, ಒಂದರೊಳಗೊಂದು ಉಂಗುರಗಳಿರುವ ಕಂದು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ನಂತರ ಎಲೆ ಹಳದಿಯಾಗಿ ಉದುರುತ್ತದೆ. ಇಂತಹ ಎಲೆಗಳನ್ನು ಇಬ್ಬನಿ ಆರಿದ ಮೇಲೆ ಕಿತ್ತು ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ಗಿಡಕ್ಕೆ ಊರುಗೋಲು ಕೊಟ್ಟು, ಬುಡಕ್ಕೆ ಒಣ ತರಗೆಲೆ ಹೊದಿಸಿ, ಬೆಳಿಗ್ಗೆ ಬುಡಕ್ಕಷ್ಟೇ ನೀರುಣಿಸಿ. ಸಂಜೆ ಪೈಪು ಹಿಡಿದು ಗಿಡದ ನೆತ್ತಿಗೆ ನೀರು ಹಾಯಿಸುವುದು ರೋಗವನ್ನು ಕರೆದು ತಂದಂತೆಯೇ. ಚುಕ್ಕೆಗಳು ಮೇಲಿನ ಎಲೆಗಳಿಗೂ ಏರಿದಲ್ಲಿ, ಮಾಗಿದ ಹಣ್ಣುಗಳನ್ನು ಕೊಯ್ದುಕೊಂಡು, ಪ್ರತಿ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಿ. ಪೊಟ್ಟಣದ ಮೇಲೆ ಸೂಚಿಸಿದಷ್ಟು ದಿನ ಮತ್ತೆ ಕೊಯ್ಲು ಬೇಡ.

ಸಿಂಪಡಿಸುವ ಮುನ್ನ ರೋಗ ಯಾವುದೆಂದು ಖಚಿತಪಡಿಸಿಕೊಳ್ಳಿ. ಎಲೆಗಳು ಹಸಿರಾಗಿರುವಾಗಲೇ ಇಡೀ ಗಿಡ ಬಾಡಿದರೆ, ಬುಡದ ಕಾಂಡವನ್ನು ಕತ್ತರಿಸಿ ಅದರ ತುದಿಯನ್ನು ಗಾಜಿನ ಲೋಟದ ನೀರಿನಲ್ಲಿ ಅದ್ದಿ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂತಹ ಎಳೆಗಳು ಇಳಿದರೆ ಅದು ದುಂಡಾಣು ಸೊರಗು ರೋಗ. ಇದಕ್ಕೆ ಶಿಲೀಂಧ್ರನಾಶಕ ಸುರಿದರೆ ಹಣ ದಂಡ. ಗಿಡವನ್ನು ಬೇರುಸಹಿತ ಕಿತ್ತು ಸುಡುವುದೊಂದೇ ದಾರಿ. ಆ ಪಾತಿಯಲ್ಲಿ ಮತ್ತೆ ಟೊಮ್ಯಾಟೊ, ಮೆಣಸಿನಕಾಯಿ, ಮಟ್ಟುಗುಳ್ಳ ಬೆಳೆಯಬೇಡಿ; ಇವೆಲ್ಲ ಒಂದೇ ಕುಟುಂಬದವು. ಮುಂದಿನ ಹಂಗಾಮಿಗೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನು ಬೇರೆ ಜಾಗದಲ್ಲಿ ನಾಟಿ ಮಾಡಬಹುದು; ಅದು ಅಂಗಮಾರಿ, ದುಂಡಾಣು ಸೊರಗು ಎರಡನ್ನೂ ತಡೆದುಕೊಳ್ಳುತ್ತದೆ.